ನಲವತ್ತಾರು ಹಾಳೆಗಳ ಹಾಜಿ

ಪಕ್ ತುಮಿರಾನ್ ಮೆಕ್ಕಾಕ್ಕೆ ಹೋಗಿ ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂಕಾಲು ಮತ್ತು ಹತ್ತೂ ಇಪ್ಪತ್ತರ ನಡುವೆ. ಆ ಐದು ನಿಮಿಷವೂ ಅವರು ಜಾವಾದ ಸಲಾತಿಗಾ ಊರಿನ ನಮ್ಮ ಕಚೇರಿಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿಯೇ ಕೂತಿದ್ದರು. ಹೋಗಿ ಬಂದೆನೆಂಬುದು ಅವರಿಗೆ ತಿಳಿದದ್ದು ಮಾತ್ರ ಗುರುವಾರ ಸಂಜೆ.

ನಮ್ಮದು ಮನೆ, ಅಂಗಡಿ, ಸಮುದಾಯ ಭವನಗಳ ನಕ್ಷೆ ಮಾಡುವ ಚಿಕ್ಕ ಕಚೇರಿ. ಯಜಮಾನಿ ಬು ರೆತ್ನೊ ವಾಸ್ತುಶಿಲ್ಪಿ. ನಮ್ಮಲ್ಲಿ ಗೌರವಕ್ಕೆ ಗಂಡಸರನ್ನು ‘ಪಕ್’, ಹೆಂಗಸರನ್ನು ‘ಬು’, ಹರೆಯದ ಹೆಣ್ಣುಮಕ್ಕಳನ್ನು ‘ಮ್ಬಕ್’ ಎಂದು ಕರೆಯುವುದು ರೂಢಿ. ಪಕ್ ತುಮಿರಾನ್ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ನಕ್ಷೆ ಬರೆಯುವವರು. ನಾನು ಓದು ಮುಗಿಸಿ ಎಂಟು ತಿಂಗಳ ಹಿಂದೆ ಸೇರಿಕೊಂಡವಳು. ನಕ್ಷೆಯ ಪ್ರತಿ ಹಾಳೆಯ ಬಲ ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ. ಕಾಮಗಾರಿಯ ಹೆಸರು, ವಿಳಾಸ, ಬರೆದವರು ಯಾರು, ಒಪ್ಪಿದವರು ಯಾರು, ಹಾಳೆಯ ಸಂಖ್ಯೆ ಎಷ್ಟು, ಎಲ್ಲವೂ ಅದರಲ್ಲಿ. ನಾವು ಅದನ್ನು ‘ಕೊಪ್’ ಎನ್ನುತ್ತೇವೆ. ಕಟ್ಟಡ ಎಷ್ಟೇ ಚೆಂದವಿರಲಿ, ಕೊಪ್ ಸರಿಯಿಲ್ಲದಿದ್ದರೆ ಪರವಾನಗಿ ಕಚೇರಿಯವರು ಕಟ್ಟಡದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಇಪ್ಪತ್ತೆರಡು ವರ್ಷವೂ ಪಕ್ ತುಮಿರಾನ್ ಒಂದು ಹಳೆಯ ನಕ್ಷೆಯಿಂದ ಕೊಪ್ ಎತ್ತಿ ಹೊಸ ನಕ್ಷೆಗೆ ಅಂಟಿಸಿ, ಹಾಳೆ ಹಾಳೆಯಲ್ಲೂ ಕೈಯಾರೆ ಹೆಸರು ತಿದ್ದುತ್ತಿದ್ದರು. ನೆನಪಾದಷ್ಟು ಹಾಳೆಗಳಲ್ಲಿ ತಿದ್ದುತ್ತಿದ್ದರು ಎಂದರೆ ಹೆಚ್ಚು ಸರಿ. ಹೋದ ತಿಂಗಳು ಒಬ್ಬ ಹಲ್ಲಿನ ಡಾಕ್ಟರು ತಮ್ಮ ಆಸ್ಪತ್ರೆಯ ನಕ್ಷೆಯ ಒಂಬತ್ತನೇ ಹಾಳೆಯಲ್ಲಿ ‘ಬಾತುಕೋಳಿ ಸಾಕಣೆ ಕೊಟ್ಟಿಗೆ’ ಎಂದು ಓದಿ, ನಮ್ಮ ಕಚೇರಿಗೇ ಬಂದು, ಬಾತುಕೋಳಿಗೆ ಹಲ್ಲೇ ಇರುವುದಿಲ್ಲ ಎಂದು ಅರ್ಧ ಗಂಟೆ ವಿವರಿಸಿ ಹೋದರು.

ಬು ರೆತ್ನೊ ಅಂದೇ ಅಪ್ಪಣೆ ಹೊರಡಿಸಿದರು. “ಇನ್ನು ಮೇಲೆ ಒಂದೇ ಕೊಪ್. ಕಂಪ್ಯೂಟರಿನೊಳಗೆ ಒಂದು ಸಲ ಮಾಡಿಟ್ಟುಬಿಡಿ, ಒಂದು ಕಡೆ ತಿದ್ದಿದ್ರೆ ಎಲ್ಲಾ ಹಾಳೆಯಲ್ಲೂ ತಾನೇ ತಿದ್ದಿಕೊಳ್ಳಬೇಕು. ಸೆಕಾರ್ ಮಾಡ್ಲಿ.”

ಸೆಕಾರ್ ಎಂದರೆ ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ ತುಮಿರಾನ್ ತೆರೆದಾಗಿತ್ತು.

“ಈ ಮ್ಬಕ್ ಸೆಕಾರ್‌ಗೆ ಹಾಲುಹಲ್ಲು ಬರೋಕೆ ಮುಂಚೆ ನಾನು ಕೊಪ್ ಎಳೀತಿದ್ದೆ, ಬು. ನಂಗೆ ಬಿಡಿ.”

ಬಿಟ್ಟರು. ಅವರು ಸೆಮಾರಾಂಗ್‌ನಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದರು. ಜೊತೆಗೆ ಒಂದು ಪ್ರಮಾಣಪತ್ರವೂ ಬಂತು. ಅದರಲ್ಲಿ ಅವರ ಹೆಸರನ್ನು ಹೆಬ್ಬೆರಳಿನಷ್ಟು ದಪ್ಪದ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಆ ದಪ್ಪ ಅವರ ಕಣ್ಣಿನಿಂದ ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಹೊಸ ಕೊಪ್ ಮಾಡಲು ಕೂತವರು, ‘ಬರೆದವರು’ ಎಂಬ ಖಾನೆಯ ಹೆಸರು ‘ಒಪ್ಪಿದವರು’ ಎಂಬ ಖಾನೆಯ ಹೆಸರಿಗಿಂತ ಒಂದು ಕೂದಲೆಳೆ ದೊಡ್ಡದಿರಲಿ ಎಂದು ತೀರ್ಮಾನಿಸಿದರು. ತಮ್ಮ ಹೆಸರಿನ ಮೇಲೆ ಒತ್ತಿದರು, ಅಕ್ಷರ ಹಿಗ್ಗಿಸಿದರು, ಕುತ್ತಿಗೆ ವಾಲಿಸಿ ನೋಡಿದರು, ಇನ್ನಷ್ಟು ಹಿಗ್ಗಿಸಿದರು.

ಆ ತಂತ್ರಾಂಶದಲ್ಲಿ ಪ್ರತಿ ಖಾನೆಗೂ ‘ಇದರ ಮೊದಲು ಏನು ಬರಬೇಕು’ ಎಂದು ಕೇಳುವ ಒಂದು ಪುಟ್ಟ ಕಿಂಡಿ ಇದೆ. ಹಾಳೆಯ ಸಂಖ್ಯೆಗೆ ಮೊದಲು ‘ಹಾ.’ ಎಂದು ಬರಬೇಕಿತ್ತು. ಹಾಲಮಾನ್, ಅಂದರೆ ಪುಟ, ಹಾಳೆ. ಹೆಸರಿನ ಖಾನೆಯಿಂದ ಎದ್ದು ಸಂಖ್ಯೆಯ ಖಾನೆಗೆ ಹೋಗಿ ಅದನ್ನು ಬರೆಯಬೇಕಿತ್ತು. ಪಕ್ ತುಮಿರಾನ್ ಏಳಲಿಲ್ಲ. ತಮ್ಮ ಹೆಸರಿನ ಸೊಬಗಿನಲ್ಲೇ ಕೂತು ‘ಹಾ.’ ಬರೆದು ಮುಗಿಸಿದರು. ಹೊಸ ಕೊಪ್ ಒಂದೇ ಏಟಿಗೆ ನಲವತ್ತಾರು ಹಾಳೆಗಳಲ್ಲಿ ಕೂತಿತು.

ಪುಟದ ಸಂಖ್ಯೆಯ ಮೊದಲು ಇದ್ದರೆ ಅದು ಪುಟ. ಮನುಷ್ಯನ ಹೆಸರಿನ ಮೊದಲು ಇದ್ದರೆ, ಇಡೀ ಜಾವಾದಲ್ಲಿ ‘ಹಾ.’ ಎಂದರೆ ಹಾಜಿ, ಮೆಕ್ಕಾ ಯಾತ್ರೆ ಮಾಡಿ ಬಂದವರು.

ನಾನು ಅದನ್ನು ನೋಡಿದೆ. ಕೇಳಲಿಲ್ಲ. ‘ನೀವು ನಿಜವಾಗಿ ಹಾಜಿಯೇ’ ಎಂದು ಹಿರಿಯರನ್ನು ಕೇಳುವ ವಾಕ್ಯವನ್ನು ಮನಸ್ಸಿನಲ್ಲಿ ಮೂರು ರೀತಿ ಜೋಡಿಸಿದೆ; ಮೂರೂ ಪೊಲೀಸರು ಕೇಳಿದಂತಿದ್ದವು. ಸುಮ್ಮನೆ ಮುದ್ರಿಸಿ, ಮಡಿಸಿ, ಪರವಾನಗಿ ಕಚೇರಿಗೆ ಕೊಟ್ಟು ಬಂದೆ.

ಆ ನಲವತ್ತಾರು ಹಾಳೆ ಬೇರೆ ಯಾವ ಊರಿನದಾಗಿದ್ದರೂ ಈ ಕಥೆ ಇರುತ್ತಿರಲಿಲ್ಲ. ಅದು ಪಕ್ ತುಮಿರಾನ್ ಅವರ ಓಣಿಯದೇ ಸಭಾಭವನ. ಓಣಿಯ ಮುಖ್ಯಸ್ಥರಾದ ಪಕ್ ಗುನಾದಿ ಯಾವ ಕೆಲಸವನ್ನೂ ನಾಳೆಗೆ ಇಟ್ಟವರಲ್ಲ. ನಮ್ಮ ಕಚೇರಿಯಿಂದ ಬಂದ ಮೊದಲ ಹಾಳೆಯನ್ನು ಬಾಗಿಲಿನಷ್ಟು ದೊಡ್ಡ ಬ್ಯಾನರ್ ಮಾಡಿಸಿ ಗುರುವಾರ ಮಧ್ಯಾಹ್ನ ಓಣಿಯ ಬಾಯಲ್ಲಿ ಕಟ್ಟಿಸಿದರು. ಕಟ್ಟಡಕ್ಕಿಂತ ಕೊಪ್ಪೇ ಚೆನ್ನಾಗಿ ಕಾಣುತ್ತಿತ್ತು.

ಬ್ಯಾನರಿನ ಕೆಳಗೆ ಬು ಪಾರ್ತಿಯವರ ಬಜ್ಜಿ ಗಾಡಿ. ಗಾಡಿಯ ಹಿಂದಿನದು ಅವರ ಮನೆ. ಅದರ ಮಹಡಿಯಲ್ಲಿ ನನ್ನ ಬಾಡಿಗೆ ಕೋಣೆ. ಹಾಗಾಗಿ ಸಂಜೆ ನಡೆದ ಮಾತು ನನಗೆ ಕಿಟಕಿ ತೆರೆಯದೆಯೇ ಕೇಳಿಸಿತು, ಗಾಜಿನಾಚೆ ಕಾಣಿಸಿತು ಕೂಡ.

“ಅಲ್ಲಾ ಪಕ್, ಯಾರಿಗೂ ಒಂದು ಮಾತು ಹೇಳದೆ ಹೋಗಿ ಬಂದುಬಿಟ್ರಲ್ಲ!” ಎಂದರು ಬು ಪಾರ್ತಿ.

ಪಕ್ ತುಮಿರಾನ್ ತರಬೇತಿಯ ಸುದ್ದಿ ಎಂದುಕೊಂಡು ಬೈಕ್ ನಿಲ್ಲಿಸಿದರು. “ಹೇಳ್ಕೊಳ್ಳೋಂಥದ್ದು ಏನಿದೆ ಬು. ಕಚೇರಿಯವರೇ ಕಳಿಸಿದ್ರು.”

“ಕಚೇರಿಯವರು! ಪುಣ್ಯವಂತರು. ಎಷ್ಟು ದಿನ ಇದ್ರಿ?”

“ಎರಡು ದಿನ.”

“ಎರಡೇ ದಿನಾನಾ?”

“ಎರಡನೇ ದಿನ ಮಧ್ಯಾಹ್ನಕ್ಕೇ ಬಿಟ್ಟುಬಿಟ್ರು. ಈಗೆಲ್ಲ ಬೇಗ ಮುಗಿಸ್ತಾರೆ.”

ಬು ಪಾರ್ತಿಯವರ ಜಾಲರಿ ಸೌಟು ಎಣ್ಣೆಯ ಮೇಲೆ ಗಾಳಿಯಲ್ಲಿ ನಿಂತಿತು. “ಜನ ತುಂಬಾ ಇರ್ತಾರಂತಲ್ಲ?”

“ಹನ್ನೊಂದು ಜನ. ಎಸಿ ಇತ್ತು. ಊಟಕ್ಕೆ ಕೋಳಿ ಸೋತೊ ಸಾರು, ನಿಂಬೆಹಣ್ಣು ಬೇಕಾದಷ್ಟು.”

“ಮತ್ತೆ ಸುತ್ತು ಹಾಕೋದು, ಪಕ್? ಅದನ್ನಾದ್ರೂ ಸರಿಯಾಗಿ ಮಾಡಿದ್ರಾ?”

“ಅಯ್ಯೋ, ಅದನ್ನ ಯಾಕೆ ಕೇಳ್ತೀರಿ! ಗಾಡಿ ನಿಲ್ಸೋಕೆ ಜಾಗ ಸಿಗದೆ ಕಟ್ಟಡಕ್ಕೆ ಏಳು ಸುತ್ತು ಹಾಕಿದೆ.”

ಏಳು ಎಂಬ ಸಂಖ್ಯೆ ಕೇಳಿ ಬು ಪಾರ್ತಿಯವರ ಮುಖ ಅರಳಿತು. ಮೆಕ್ಕಾದಲ್ಲಿಯೂ ಹಾಕಬೇಕಾದದ್ದು ಏಳೇ ಸುತ್ತು; ಇಡೀ ಯಾತ್ರೆಯಲ್ಲಿ ಅದೊಂದು ಲೆಕ್ಕ ಸರಿಯಾಗಿತ್ತು. ಆದರೆ ಅವರ ದುಃಖ ಬೇರೆಯದಿತ್ತು. ನಮ್ಮಲ್ಲಿ ಹಜ್‌ಗೆ ಹೊರಡುವವರು ಓಣಿಯವರಿಗೆಲ್ಲ ಊಟ ಹಾಕಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ ತಪ್ಪಿಗೆ ಕ್ಷಮೆ ಕೇಳಿ ಹೋಗಬೇಕು.

“ಊಟ ಹೋಗ್ಲಿ ಪಕ್, ನಾವೇನು ಊಟ ಕಾಣದವರಲ್ಲ. ಆದ್ರೆ ಕ್ಷಮೆ? ನನ್ನ ಏಣಿ ತಗೊಂಡು ಹೋಗಿ, ಮೂರು ಮೆಟ್ಟಿಲು ಕಮ್ಮಿ ಮಾಡಿ ವಾಪಸ್ ಕೊಟ್ಟಿದ್ದೀರಿ. ಅದನ್ನಿಟ್ಕೊಂಡು ಹೆಂಗೆ ಹೋದ್ರಿ ಅಲ್ಲಿಗೆ?”

“ಏಣಿಗೂ ಸೆಮಾರಾಂಗ್‌ಗೂ ಏನು ಸಂಬಂಧ, ಬು?”

“ಸೆಮಾರಾಂಗ್?” ಎಂದರು ಬು ಪಾರ್ತಿ. ಸೌಟು ಮೇಲಕ್ಕೆ ತೋರಿಸಿತು. ಪಕ್ ತುಮಿರಾನ್ ತಲೆಯೆತ್ತಿ ಬ್ಯಾನರ್ ಓದಿದರು. ತಮ್ಮ ಹೆಸರು ಸಾಕಷ್ಟು ದೊಡ್ಡದಿದೆ ಎಂಬ ಸಂತೋಷ ಮೊದಲು ಬಂತು. ಆಮೇಲೆ ಅದರ ಮೊದಲು ನಿಂತ ‘ಹಾ.’ ಕಂಡಿತು.

ಮನೆಯಲ್ಲಿ ಹೆಂಡತಿ ಬು ಲಸ್ಮಿ ಬಾಗಿಲಲ್ಲೇ ಇದ್ದರು. ಸಂತೆಯಲ್ಲಿ ನಾಲ್ಕು ಜನ ಅವರನ್ನು ಹಾಜಿಯ ಹೆಂಡತಿ ಎಂದು ಕರೆದಿದ್ದರು.

“ಒಟ್ಟಿಗೆ ಹೆಸರು ಬರೆಸಿ ಹನ್ನೊಂದು ವರ್ಷ ಆಯ್ತು. ಒಟ್ಟಿಗೆ ಹೋಗೋಣ ಅಂದ್ರಿ. ಒಬ್ಬರೇ ಹೋಗಿ ಬಂದ್ರಾ?” ಅವರ ಧ್ವನಿ ಓಣಿಯ ಆಚೆ ತುದಿಗೂ ಮುಟ್ಟಿತು.

“ದಿನಾ ನಿನ್ನ ಪಕ್ಕದಲ್ಲೇ ಗೊರಕೆ ಹೊಡೀತಾ ಇದ್ನಲ್ಲೇ ಲಸ್ಮಿ!”

“ಎರಡು ದಿನ ಸೆಮಾರಾಂಗ್ ಅಂದ್ರಲ್ಲ. ಅಲ್ಲಿ ವಿಮಾನ ನಿಲ್ದಾಣ ಇಲ್ವಾ?”

ಸೆಮಾರಾಂಗ್‌ನಲ್ಲಿ ವಿಮಾನ ನಿಲ್ದಾಣ ಇದೆ, ಅದನ್ನು ಪಕ್ ತುಮಿರಾನ್ ಒಪ್ಪಿಕೊಳ್ಳಲೇಬೇಕಾಯಿತು. ಅಷ್ಟರಲ್ಲಿ ಜಗಳ ಬಿಡಿಸಲು ಬಂದ ಪಕ್ ಗುನಾದಿ ಅದನ್ನು ಬಿಡಿಸುವ ಬದಲು ಬೇರೆಯದೇ ಒಂದು ಮಾತು ಹೇಳಿ, ಇಬ್ಬರ ಬಾಯನ್ನೂ ಮುಚ್ಚಿಸಿದರು.

“ಅದಲ್ಲ ಪಕ್, ಹಜ್ ಸರದಿಯಲ್ಲಿ ನಿಮ್ಮ ಹೆಸರು ಇದೆಯಲ್ಲ? ಒಂದು ಸಲ ಹೋಗಿ ಬಂದವರ ಹೆಸರು ಸರದಿಯ ಬಾಲಕ್ಕೆ ಹೋಗುತ್ತೆ. ಕಂಪ್ಯೂಟರ್ ಕಣ್ಣಿಗೆ ಬಿದ್ರೆ ಮುಗೀತು. ಕಂಪ್ಯೂಟರಿಗೆ ದಯೆ ದಾಕ್ಷಿಣ್ಯ ಇಲ್ಲ.”

ಪಕ್ ತುಮಿರಾನ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹೆಸರು ಬರೆಸಿ ದಶಕಗಟ್ಟಲೆ ಕಾಯುವ ಸರದಿ ಅದು. ಹನ್ನೊಂದು ವರ್ಷ ಕಾದದ್ದು ಒಂದಕ್ಷರಕ್ಕೆ ಬಲಿಯಾಗುವುದೇ? ಬು ಲಸ್ಮಿ ಮರುದಿನ ಬೆಳಿಗ್ಗೆಯೇ ಕಣ್ಣೊರೆಸಿಕೊಳ್ಳುತ್ತ, ಬ್ಯಾಗು ಹಿಡಿದು, ಮನೆಗೆ ಬೀಗ ಹಾಕಿ ಅಂಬರಾವಾದ ತಂಗಿಯ ಮನೆಗೆ ಹೊರಟರು. “ನಿಮ್ಮ ಹೆಸರು ಮೊದಲಿನ ಹಂಗೆ ಆಗ್ಲಿ, ಬರ್ತೀನಿ” ಎಂದರಂತೆ.

ಶುಕ್ರವಾರ ಕಚೇರಿಗೆ ಬಂದವರೇ ಪಕ್ ತುಮಿರಾನ್ ಕೊಪ್ ತೆರೆದು ಕೂತರು. ನಾನು ಸರಿಮಾಡುತ್ತೇನೆ ಎಂದೆ. ಬಹುಶಃ ಮೆಲ್ಲಗೆ ಅಂದೆ.

“ಚೆಲ್ಲಿದವನೇ ಒರೆಸ್ಬೇಕು ಮ್ಬಕ್. ನೀನು ಹೋಗಿ ಕೊಟ್ಟ ಹಾಳೆ ವಾಪಸ್ ತಗೊಂಡು ಬಾ.”

ಪರವಾನಗಿ ಕಚೇರಿಯ ಗುಮಾಸ್ತರು ನನ್ನ ಮಾತನ್ನು ಎರಡು ಸಲ ಹೇಳಿಸಿದರು.

“ಹಾಜಿ ಅಂತ ಕೊಟ್ಟಿದ್ದೀರಿ. ಈಗ ಹಾಜಿ ಅಲ್ಲ ಅಂತೀರಿ. ಹೋಗಿಲ್ಲ ಅನ್ನೋದಕ್ಕೆ ದಾಖಲೆ?”

“ಹೋಗಿಲ್ಲದೇ ಇರೋದಕ್ಕೆ ದಾಖಲೆ ಹೆಂಗೆ ಸಿಗುತ್ತೆ, ಪಕ್?”

“ಮನೆಯಲ್ಲೇ ಇದ್ರು ಅಂತ ಓಣಿ ಮುಖ್ಯಸ್ಥರ ಪತ್ರ ತನ್ನಿ. ಎಷ್ಟು ವರ್ಷದಿಂದ ಹೋಗಿಲ್ಲ ಅನ್ನೋದೂ ಇರ್ಲಿ ಅದರಲ್ಲಿ.”

ನಾನು ಇದರಲ್ಲಿ ಹೊತ್ತು ಕಳೆಯುವಾಗ ಪಕ್ ತುಮಿರಾನ್ ಕೊಪ್ ತಿದ್ದಿದರು. ಹೆಸರಿನ ಮೊದಲಿದ್ದ ‘ಹಾ.’ ಕಿತ್ತು ಹಾಕಿದರು. ಕಿತ್ತು, ಕಿಂಡಿ ಖಾಲಿಯಾದದ್ದನ್ನು ಕಂಡು ಉಸಿರು ಬಿಟ್ಟರು. ಆಗಲೇ ಬು ರೆತ್ನೊ ಒಳಗಿನಿಂದ, “ಹಂಗೇ ವಿಳಾಸದ ಮೊದಲು ‘ಅಲ್ಮ್.’ ಹಾಕಿಬಿಡಿ ಪಕ್” ಎಂದು ಕೂಗಿದರು. ಅಲಾಮತ್ ಎಂದರೆ ವಿಳಾಸ, ‘ಅಲ್ಮ್.’ ಎಂಬುದು ಅದರ ಮೊಟಕು. ಪಕ್ ತುಮಿರಾನ್ ಈ ಸಲವೂ ಹೆಸರಿನ ಖಾನೆಯಿಂದ ಎದ್ದಿರಲಿಲ್ಲ.

ಹೆಸರಿನ ಮೊದಲು ‘ಅಲ್ಮ್.’ ಬಂದರೆ ಅದು ಅಲ್ಮರ್ಹೂಮ್. ದಿವಂಗತ.

ಅವರು ನಲವತ್ತಾರು ಹಾಳೆಯನ್ನೂ ಒಂದೊಂದಾಗಿ ಪರೀಕ್ಷಿಸಿದರು ಎಂಬುದಕ್ಕೆ ಬು ರೆತ್ನೊ ಸಾಕ್ಷಿ. ಪಕ್ ತುಮಿರಾನ್ ಹುಡುಕುತ್ತಿದ್ದದ್ದು ‘ಹಾ.’ ಮಾತ್ರ. ಅದು ಒಂದು ಕಡೆಯೂ ಇರಲಿಲ್ಲ. ಮೊದಲ ಹಾಳೆಯನ್ನು ಫೋನಿನಲ್ಲಿ ಪಕ್ ಗುನಾದಿಯವರಿಗೆ ಕಳಿಸಿ, ಫೋನಿನ ಸದ್ದು ಆರಿಸಿ ಜುಮ್ಮಾ ನಮಾಜಿಗೆ ಹೋದರು. ಬಂದ ಮೇಲೆ ಸದ್ದು ಮತ್ತೆ ಹಾಕುವುದನ್ನು ಮರೆತರು. ಹೇಳಿದೆನಲ್ಲ, ಪಕ್ ಗುನಾದಿ ಯಾವ ಕೆಲಸವನ್ನೂ ನಾಳೆಗೆ ಇಟ್ಟವರಲ್ಲ. ಎರಡು ಗಂಟೆಗೆ ಹೊಸ ಬ್ಯಾನರ್ ಮೇಲೇರಿತು. ಎರಡೂ ಐದಕ್ಕೆ ಅದನ್ನು ಕಟ್ಟಿದವರೇ ಅದನ್ನು ಓದಿದರು.

ಫೋನ್ ಮಾಡಿದರೆ ಎತ್ತುವವರಿಲ್ಲ. ಮನೆಗೆ ಬೀಗ. ಬೆಳಿಗ್ಗೆ ಬು ಲಸ್ಮಿ ಅಳುತ್ತ ಹೋದದ್ದನ್ನು ಪಕ್ ಗುನಾದಿ ಕಣ್ಣಾರೆ ಕಂಡಿದ್ದರು. ಇನ್ನೇನು ಬೇಕು?

ನಾನು ಐದು ಗಂಟೆಗೆ ಓಣಿಗೆ ಬಂದಾಗ ತಾಡಪಾಲು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಹಾಕಿದ್ದರು. ಹೆಂಗಸರು ಅಕ್ಕಿ, ಸಕ್ಕರೆ ಹಿಡಿದು ನಿಂತಿದ್ದರು. ನನಗಿಂತ ಸ್ವಲ್ಪ ಮುಂದೆ ಪಕ್ ತುಮಿರಾನ್ ಬೈಕ್ ನಿಲ್ಲಿಸಿದರು. ಸಾವಿನ ಮನೆ ಎಂದು ತಿಳಿದು ಗಂಭೀರವಾಗಿ ಜಾಕೆಟ್ ಗುಂಡಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ, ಸರಿಯಾಗಿ ಕಿವಿ ಕೇಳದ ಒಬ್ಬ ಅಜ್ಜನ ಪಕ್ಕ ಕೂತರು.

“ಯಾರು ಹೋದದ್ದು ಮ್ಬಾಹ್?” ಎಂದು ಅಜ್ಜನ ಕಿವಿಯಲ್ಲಿ ಕೇಳಿದರು.

“ತುಮಿರಾನ್,” ಎಂದ ಅಜ್ಜ, ತಿರುಗಿಯೂ ನೋಡದೆ.

“ಯಾವ ತುಮಿರಾನ್?”

“ನಕ್ಷೆಯವನು. ಒಳ್ಳೆಯವನು. ವಸ್ತು ತಗೊಂಡ್ರೆ ವಾಪಸ್ ಕೊಡೋದು ಕಮ್ಮಿ.”

ಮುಂದೆ ಪಕ್ ಗುನಾದಿ ಮೈಕ್ ಹಿಡಿದಿದ್ದರು. “ಮೊನ್ನೆ ಮೊನ್ನೆ ಹಾಜಿಯಾಗಿ ಬಂದವರು. ಪಾಪವೆಲ್ಲ ತೊಳೆದುಹೋಗಿತ್ತು. ಹೊಸ ಪಾಪ ಮಾಡೋದಕ್ಕೆ ಅವರಿಗೆ ಸಮಯವೇ ಸಿಗಲಿಲ್ಲ. ಯಾರಿಗಾದರೂ ಅವರಿಂದ ನೋವಾಗಿದ್ದರೆ ಈಗಲೇ ಮನ್ನಿಸಿಬಿಡಿ.”

ಬು ಪಾರ್ತಿ ಚಹಾದ ತಟ್ಟೆ ಹಿಡಿದುಕೊಂಡೇ ಎದ್ದು ನಿಂತರು. “ನಾನು ಏಣಿಯ ವಿಷಯ ಮನ್ನಿಸಿದ್ದೀನಿ! ಮೂರು ಮೆಟ್ಟಿಲನ್ನೂ ಮನ್ನಿಸಿದ್ದೀನಿ!”

“ತುಂಬಾ ಉಪಕಾರ ಆಯ್ತು, ಬು!” ಎಂದರು ಹಿಂದಿನ ಸಾಲಿನಿಂದ ಪಕ್ ತುಮಿರಾನ್, ಎದೆಯ ಮೇಲೆ ಕೈಯಿಟ್ಟು.

ತಟ್ಟೆ ಬಿತ್ತು. ಹನ್ನೆರಡು ಲೋಟ ಒಡೆದವು. ಕುರ್ಚಿಗಳು ಬಿದ್ದ ಸದ್ದಿಗೆ ಎರಡು ಓಣಿ ಆಚೆಯವರೂ ಓಡಿ ಬಂದರು. ಕಿವಿ ಕೇಳದ ಅಜ್ಜ ಒಬ್ಬನೇ ಜಾಗ ಬಿಡದೆ, ಪಕ್ಕದವನನ್ನು ಆಗ ತಿರುಗಿ ನೋಡಿ, “ನೀನೂ ಬಂದ್ಯಾ?” ಎಂದ.

ಎಲ್ಲರೂ ಅವರನ್ನು ಮುಟ್ಟಿ, ಚಿವುಟಿ, ಬಿಸಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ನಗು ಶುರುವಾಯಿತು. ಪಕ್ ಗುನಾದಿ ಮಾತ್ರ ನಗಲಿಲ್ಲ. ಅವರ ಮುಖ ಸುಣ್ಣದಂತಾಗಿತ್ತು.

“ಪಕ್, ಒಂದು ಮಾತು. ನಾನು ಮೂರು ಗಂಟೆಗೇ ಹಜ್ ಕಚೇರಿಗೆ ಸಂದೇಶ ಕಳಿಸಿಬಿಟ್ಟೆ. ನೀವು ತೀರಿಕೊಂಡ್ರಿ, ನಿಮ್ಮ ಜಾಗವನ್ನ ವಾರಸುದಾರರಿಗೆ ಕೊಡಿ ಅಂತ.”

“ಮೂರು ಗಂಟೆಗಾ?”

“ನಮ್ಮ ಓಣಿಯ ವರದಿ ಯಾವತ್ತೂ ತಡ ಆಗಿಲ್ಲ, ಪಕ್,” ಎಂದರು ಪಕ್ ಗುನಾದಿ ಅಳುದನಿಯಲ್ಲಿ.

ಹಜ್ ಕಚೇರಿ ಮುಚ್ಚಿತ್ತು. ತೆರೆಯುವುದು ಇನ್ನು ಸೋಮವಾರ. ಆರು ಗಂಟೆಗೆ, ಸಾವಿನ ಸುದ್ದಿ ಮುಟ್ಟಿ ಅಂಬರಾವಾದಿಂದ ಬಸ್ಸಿನಲ್ಲಿ ಅತ್ತುಕೊಂಡು ಬಂದ ಬು ಲಸ್ಮಿ, ಗಂಡ ಕುರ್ಚಿ ಮಡಿಸಿಡುತ್ತಿರುವುದನ್ನು ಕಂಡು, ಬ್ಯಾಗಿನಿಂದ ಬೆನ್ನ ಮೇಲೆ ನಾಲ್ಕು ಬಾರಿಸಿದರು. ಆಮೇಲೆ ಆ ಬೆನ್ನಿಗೇ ಒರಗಿ ಅತ್ತರು. ಸರದಿಯ ಜಾಗ ಹೋಗಿರಬಹುದು ಎಂದು ತಿಳಿದಾಗ ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಶನಿವಾರ, ಭಾನುವಾರ ಆ ಮನೆಯಿಂದ ಒಗ್ಗರಣೆಯ ವಾಸನೆಯೂ ಬರಲಿಲ್ಲ. ನಾನು ಶನಿವಾರ ಕಚೇರಿಗೆ ಹೋಗಿ ಆ ಕಿಂಡಿಗಳನ್ನು ಒಂದೊಂದಾಗಿ ತೆರೆದು, ‘ಹಾ.’ ಅನ್ನು ಸಂಖ್ಯೆಗೂ ‘ಅಲ್ಮ್.’ ಅನ್ನು ವಿಳಾಸಕ್ಕೂ ಒಪ್ಪಿಸಿದೆ. ಮೂರು ನಿಮಿಷದ ಕೆಲಸ. ನಲವತ್ತಾರು ಹಾಳೆಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾದವು. ಕಾಗದದ ಆಚೆ ಇರುವುದನ್ನು ತಿದ್ದುವ ಕಿಂಡಿ ಅದರಲ್ಲಿ ಇರಲಿಲ್ಲ.

ಸೋಮವಾರ ಇಡೀ ಓಣಿ ಒಂದು ತೆರೆದ ಪಿಕಪ್ ಗಾಡಿ ಹತ್ತಿ ಹಜ್ ಕಚೇರಿಗೆ ಹೋಯಿತು. ಸಾಕ್ಷಿಗೆಂದು ಹೊಸ ಹಾಳೆಯೊಂದನ್ನು ಸುತ್ತಿ ಕೊಟ್ಟು ಬು ರೆತ್ನೊ ನನ್ನನ್ನೂ ಹತ್ತಿಸಿದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆಗೆ ನನ್ನದೇ ವಯಸ್ಸು.

“ಯಾರ ವಿಷಯ?”

“ತುಮಿರಾನ್,” ಎಂದರು ಪಕ್ ಗುನಾದಿ.

ಆಕೆ ಪರವಾನಗಿ ಕಚೇರಿಯವರು ವಿಚಾರಿಸಿ ಬರೆದಿದ್ದ ಒಂದು ಕಾಗದ ನೋಡಿದಳು, ಪಕ್ ಗುನಾದಿಯವರ ಸಂದೇಶವಿದ್ದ ಫೋನ್ ನೋಡಿದಳು. “ಹಾಜಿ ತುಮಿರಾನಾ, ದಿವಂಗತ ತುಮಿರಾನಾ? ನನ್ನ ಹತ್ರ ಎರಡೂ ಬಂದಿದೆ.”

“ಎರಡೂ ಅಲ್ಲ ಮ್ಬಕ್,” ಎಂದು ಪಕ್ ತುಮಿರಾನ್ ಕಿಟಕಿಗೆ ಮುಖ ತಂದರು. “ಬರೀ ತುಮಿರಾನ್.”

“ಮತ್ತೆ ಇದೆಲ್ಲ ಯಾರು ಬರೆದದ್ದು?”

ಓಣಿಗೆ ಓಣಿಯೇ ನನ್ನ ಕಡೆ ತಿರುಗಿತು. ನಾನು ಹಾಳೆ ಬಿಚ್ಚಿ ಗಾಜಿಗೆ ಒತ್ತಿ ಹಿಡಿದೆ. ‘ಹಾ.’ ಎಂದರೆ ಹಾಜಿ ಅಲ್ಲ, ಹಾಳೆ, ‘ಅಲ್ಮ್.’ ಎಂದರೆ ಸಾವಲ್ಲ, ವಿಳಾಸ ಎಂದು ಹೇಳಿದೆ. “ಇನ್ನೊಂದು ಸಲ, ಜೋರಾಗಿ,” ಎಂದಳು ಆಕೆ. ಜೋರಾಗಿ ಹೇಳಿದೆ. ಹೊರಗೆ ಗಾಡಿಯ ಚಾಲಕನಿಗೂ ಕೇಳಿಸಿತಂತೆ.

ಆಕೆ ಗಲ್ಲಕ್ಕೆ ಕೈ ಕೊಟ್ಟು ಕೊಪ್ಪಿನ ಒಂದೊಂದು ಖಾನೆಯನ್ನೂ ಓದಿದಳು. “ಬ್ಯಾನರ್ ನೋಡಿ ನಾವು ಯಾರನ್ನೂ ಹಾಜಿ ಮಾಡಲ್ಲ, ಯಾರನ್ನೂ ಸಾಯಿಸೋದೂ ಇಲ್ಲ. ಹೋಗಿ ಬಂದದ್ದಕ್ಕೆ ಪ್ರಯಾಣದ ದಾಖಲೆ ಬೇಕು. ಸತ್ತದ್ದಕ್ಕೆ ಮರಣಪತ್ರ ಬೇಕು. ನಿಮ್ಮ ಹತ್ರ ಎರಡರಲ್ಲಿ ಯಾವುದಾದ್ರೂ ಇದೆಯಾ?”

“ಒಂದೂ ಇಲ್ಲ!” ಎಂದರು ಪಕ್ ತುಮಿರಾನ್. ಇಷ್ಟು ಹೆಮ್ಮೆಯಿಂದ ಅವರು ಯಾವ ಪ್ರಮಾಣಪತ್ರವನ್ನೂ ತೋರಿಸಿರಲಿಲ್ಲ.

ಆಕೆ ಕೀಲಿಮಣೆ ಒತ್ತಿದಳು. ಕಾದಳು. ಮತ್ತೆ ಒತ್ತಿದಳು. ಬು ಲಸ್ಮಿ ಗಂಡನ ಅಂಗಿಯ ತೋಳನ್ನು ಹಿಂಡುತ್ತಿದ್ದರು. ಬು ಪಾರ್ತಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು.

“ತುಮಿರಾನ್. ಲಸ್ಮಿ. ಇಬ್ಬರದೂ ಇದೆ. ಒಂದರ ಹಿಂದೆ ಒಂದು ಸಂಖ್ಯೆ. ಯಾರೂ ಮುಟ್ಟಿಲ್ಲ.” ಪರದೆ ನಮ್ಮ ಕಡೆ ತಿರುಗಿಸಿದಳು. “ನಿಮ್ಮ ಸರದಿ ಬರೋದು ಇನ್ನು ಹದಿನಾಲ್ಕು ವರ್ಷಕ್ಕೆ.”

“ಹದಿನಾಲ್ಕು ವರ್ಷ!” ಎಂದು ಪಕ್ ತುಮಿರಾನ್ ಕೂಗಿ ಪಕ್ ಗುನಾದಿಯವರನ್ನು ತಬ್ಬಿಕೊಂಡರು. “ಲಸ್ಮಿ, ಕೇಳಿದ್ಯಾ? ಇನ್ನೂ ಹದಿನಾಲ್ಕು ವರ್ಷ!” ಓಣಿಯವರು ಚಪ್ಪಾಳೆ ತಟ್ಟಿದರು. ಸಾಲಿನಲ್ಲಿದ್ದ ಅಪರಿಚಿತರೂ ಬಂದು ಕೈ ಕುಲುಕಿದರು. ಅವರಲ್ಲೊಬ್ಬರಿಗೆ ಇದ್ದದ್ದು ಇನ್ನು ಆರೇ ವರ್ಷವಂತೆ. ಅವರು ಏನೋ ಕಳೆದುಕೊಂಡವರಂತೆ ನೋಡುತ್ತಿದ್ದರು.

“ಈ ಕಿಟಕಿಯಲ್ಲಿ ಈ ಸಂಖ್ಯೆ ಕೇಳಿ ಕುಣಿದವರನ್ನ ಇವತ್ತೇ ಕಂಡೆ,” ಎಂದು ಗುಮಾಸ್ತೆ ನನಗೆ ಮಾತ್ರ ಕೇಳುವಂತೆ ಹೇಳಿದಳು.

ಹೊರಗೆ ಎಲ್ಲರೂ ಗಾಡಿ ಹತ್ತಿದರು. ಪಕ್ ತುಮಿರಾನ್ ಒಂದು ಕಾಲು ಮೇಲಿಟ್ಟಿದ್ದರು. ಬು ಲಸ್ಮಿ ಕೆಳಗೇ ನಿಂತು ಬೆರಳು ಮಡಿಸುತ್ತಿದ್ದರು.

“ನಿಮಗೀಗ ಐವತ್ತನಾಲ್ಕು. ಆಗ ಅರವತ್ತೆಂಟು. ಮೆಕ್ಕಾದಲ್ಲಿ ಅಷ್ಟು ದೂರ ನಡೀಬೇಕು, ಅಷ್ಟು ಬಿಸಿಲಲ್ಲಿ. ಮನೆಯಿಂದ ಮೂಲೆ ಅಂಗಡಿಗೆ ಬೈಕಲ್ಲಿ ಹೋಗ್ತೀರಿ. ಇಳೀರಿ ಕೆಳಗೆ.”

“ಈಗಲೇನಾ?”

“ಇನ್ಯಾವಾಗ? ಸತ್ತು ಎದ್ದು ಬಂದಿದ್ದೀರಿ, ಇನ್ನೊಂದು ಸಲ ಸತ್ರೆ ಕೊಪ್ ತಿದ್ದಿ ಬದುಕಿಸೋಕಾಗುತ್ತಾ? ಜೀವ ಗಟ್ಟಿ ಇಟ್ಕೊಬೇಕು.”

ಅವರು ಕಾಲು ಇಳಿಸಿದರು. ಇಬ್ಬರೂ ರಸ್ತೆಯ ಅಂಚಿನಲ್ಲಿ ನಡೆಯತೊಡಗಿದರು, ಬು ಲಸ್ಮಿ ಎರಡು ಹೆಜ್ಜೆ ಮುಂದೆ. ಅವರನ್ನು ಬಿಟ್ಟು ಹೋಗಲು ಓಣಿಗೆ ಮನಸ್ಸಾಗಲಿಲ್ಲ. ಗಾಡಿ ಆಮೆಯಂತೆ ಅವರ ಹಿಂದೆ ತೆವಳಿತು. ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು. ಮೊದಲ ಏರು ಬಂದಾಗ ಪಕ್ ತುಮಿರಾನ್ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಹತ್ತಿ ಪಕ್, ಕತ್ತಲಾಗುತ್ತೆ ಹಿಂಗಾದ್ರೆ!” ಎಂದು ಗಾಡಿಯಿಂದ ಬು ಪಾರ್ತಿ ಕೂಗಿದರು.

ಅವರು ಬೆವರು ಒರೆಸಿಕೊಂಡು, ನಮ್ಮ ಕಡೆ ತಿರುಗಿ, ಬಾಯಿತುಂಬ ನಕ್ಕರು.

“ನೀವು ಹೋಗ್ತಾ ಇರಿ, ಬು. ನಮಗೆ ಇನ್ನೂ ಬೇಕಾದಷ್ಟು ಟೈಮ್ ಇದೆ.”